ನಡೆಯುವ ಕೈ, ಇಳಿಯುವ ಕೈ

ಪ್ರಿನ್ಸಿಪಾಲ ಚನ್ನಬಸಯ್ಯನವರು ಉತ್ತರಪತ್ರಿಕೆಗಳನ್ನು ಇಸ್ಪೀಟಿನ ಎಲೆಗಳಂತೆ ಒಂದರ ಪಕ್ಕ ಒಂದು ಹರವುತ್ತ ಹೋದರು. ಮೇಜು ಸಾಲದಾಯಿತು. ಉಳಿದವನ್ನು ಕಿಟಕಿಯ ಕಟ್ಟೆಯ ಮೇಲೆ, ನೀರಿನ ಕ್ಯಾನಿನ ಮೇಲೆ, ಕೊನೆಗೆ ಎದುರು ಕುಳಿತಿದ್ದ ಕನ್ನಡದ ಸೋಮಲಿಂಗ ಸರ್ ಅವರ ತೊಡೆಯ ಮೇಲೂ ಇಟ್ಟರು. ಎಲ್ಲದರಲ್ಲೂ ಹದಿನಾಲ್ಕನೆಯ ಪ್ರಶ್ನೆಯ ಪುಟವೇ ತೆರೆದಿತ್ತು. ಎಲ್ಲದರಲ್ಲೂ ಚೌಕ ಕಂಸದೊಳಗೆ ಅವೇ ನಾಲ್ಕು ಅಂಕಿಗಳು: ಮೇಲೆ ಎರಡು, ಹತ್ತು, ಕೆಳಗೆ ನಾಲ್ಕು, ಹದಿನಾಲ್ಕು. ಎಲ್ಲದರ ಮೇಲೂ ಒಂದೇ ಅಳತೆಯ ಕೆಂಪು ಗೀಟು.

"ಬೇಕಾದ್ರ ಎಣಿಸ್ರಿ, ಪ್ರಮಿಳಾ ಮೇಡಮ್. ನಲವತ್ತೊಂದು ಮಂದ್ಯಾಗ ಮೂವತ್ತೆಂಟು ಮಂದಿ ಒಂದ ಉತ್ತರ ಬರದಾರ. ಅದೂ ತಪ್ಪು ಉತ್ತರ."

ಪ್ರಮಿಳಾ ಎಣಿಸಲಿಲ್ಲ. ಸೆಕೆಂಡ್ ಪಿಯುಸಿಗೆ ಗಣಿತ ಹೇಳಿಕೊಡುವವಳು ಅವಳೇ. ಯಾವ ಅಕ್ಷರ ಯಾರದೆಂದು ದೂರದಿಂದಲೇ ತಿಳಿಯುತ್ತಿತ್ತು. ಎಲ್ಲಕ್ಕಿಂತ ಹತ್ತಿರ ಇದ್ದದ್ದು ಸಪ್ನಾಳದು. ಮಾರ್ಜಿನ್ನಿಗೆ ಎರಡು ಗೆರೆ ಎಳೆಯುವ ಹುಡುಗಿ. ಆ ಗೆರೆ ಎಳೆಯುವ ಮುಂಚೆಯೂ ಎದ್ದು ನಿಂತು "ಮ್ಯಾಡಮ್, ಎಳೀಲ್ರಿ?" ಎಂದು ಕೇಳುವವಳು. ಉತ್ತರದ ಕೆಳಗೆ ಗೆರೆ ಹಾಕಲು, ನೀರು ಕುಡಿಯಲು, ಸೀನಲು, ಎಲ್ಲಕ್ಕೂ ಅವಳಿಗೆ ಅಪ್ಪಣೆ ಬೇಕು.

"ಸರಿ ಉತ್ತರ ಎಲ್ಲಾರದೂ ಒಂದ ಇದ್ರ ಯಾರೂ ಏನೂ ಅನ್ನಂಗಿಲ್ಲ ನೋಡ್ರಿ," ಎಂದರು ಚನ್ನಬಸಯ್ಯನವರು. "ತಪ್ಪು ಮಾತ್ರ ಅವರವರ್ದು ಅವರವರಿಗೇ ಬ್ಯಾರೆ ಇರಬೇಕು."

ಇದು ಸಂಸ್ಥೆಯವರ ಹೊಸ ಪದ್ಧತಿಯ ಫಲ. ಖಾನಾಪುರದ ಕಾಲೇಜು, ಬೆಳಗಾವಿಯ ಕಾಲೇಜು ಎರಡೂ ಅದೇ ಸಂಸ್ಥೆಯವು. ಮಧ್ಯವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ಈ ಸಲ ಅದಲುಬದಲು ಮಾಡಿ ತಿದ್ದಿಸಿದ್ದರು. ಮನೆಯ ಅಡುಗೆಯ ಉಪ್ಪು ನೆರೆಮನೆಯವರ ಬಾಯಿಗೇ ಬೇಗ ಗೊತ್ತಾಗುತ್ತದೆ. ಬೆಳಗಾವಿಯವರು ಕಟ್ಟಿನ ಜೊತೆ ಒಂದು ಪತ್ರವನ್ನೂ ಇಟ್ಟಿದ್ದರು. ಅದರಲ್ಲಿ 'ಸಾಮೂಹಿಕ ನಕಲು' ಎಂಬ ಎರಡು ಶಬ್ದಗಳ ಕೆಳಗೆ ಅಡ್ಡಗೆರೆ ಇತ್ತು.

"ನಾ ಕಣ್ಣು ಮುಚ್ಚಿದ್ದಿಲ್ರಿ," ಎಂದರು ಸೋಮಲಿಂಗ ಸರ್. ಯಾರೂ ಕೇಳಿರಲಿಲ್ಲ. ಆ ದಿನ ಪರೀಕ್ಷೆಯ ಕೋಣೆ ಕಾದವರು ಅವರು. ಮಧ್ಯಾಹ್ನದ ಊಟವಾದ ಮೇಲೆ ಅವರನ್ನು ಯಾವ ಕುರ್ಚಿಯಲ್ಲಿ ಕೂರಿಸಿದರೂ ಕಣ್ಣು ಮುಚ್ಚುತ್ತವೆಂಬುದು ಖಾನಾಪುರಕ್ಕೆಲ್ಲ ಗೊತ್ತಿದ್ದ ಸಂಗತಿ.

"ನಾಳೆ ಹನ್ನೊಂದಕ್ಕ ಬೆಳಗಾವಿಯಿಂದ ಬಾಳಾಸಾಹೇಬ ಸರ್ ವಿಚಾರಣಿಗೆ ಬರ್ತಾರ. ಒಬ್ಬೊಬ್ಬರನ್ನ ಕರದು ತಪ್ಪೊಪ್ಪಿಗಿ ಬರಿಸ್ಕೋತಾರ. ಬರದು ಕೊಟ್ಟವರಿಗೆ ಇಂಟರ್ನಲ್ ಮಾರ್ಕ್ಸ್ ಸೊನ್ನಿ. ತೋರಿಸಿದವರು ಯಾರು ಅಂತ ಗೊತ್ತಾತಂದ್ರ ಅವರಿಗೆ ಟಿಸಿ." ಚನ್ನಬಸಯ್ಯನವರು ಸಪ್ನಾಳ ಪತ್ರಿಕೆಯನ್ನು ಬೆರಳಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿದರು. "ಹುಶಾರ ಹುಡಿಗಿ. ಎಲ್ಲಾರೂ ಆಕೀದ ನೋಡ್ಯಾರ, ಮತ್ತೇನು?"

"ಸಪ್ನಾ ತೋರ್ಸು ಹುಡಿಗಿ ಅಲ್ರಿ ಸರ್."

"ಹಂಗಾದ್ರ ಎರಡು, ಹತ್ತು, ನಾಕು, ಹದಿನಾಕು ಗುಡಿ ಗ್ವಾಡಿ ಮ್ಯಾಲ ಬರದಿತ್ತೇನ್ರಿ? ಅಷ್ಟೂ ಮಂದ್ಯಾಗ ಪ್ರಾಮಾಣಿಕರು ಮೂರ ಮಂದಿ. ಬೀರೇಶ, ಆ ಹೆಮ್ಮಡಗಾ ಕಡಿ ಹುಡಿಗಿ, ಮತ್ತ ಅಕೀ ಗೆಳತಿ." ಅವರು ದನಿ ಇಳಿಸಿದರು. "ನೀವೇನ್ ಅಂಜಬ್ಯಾಡ್ರಿ ಮೇಡಮ್. ನೀವು ಹೇಳಿಕೊಡೋರು, ಕಾಯೋರಲ್ಲ. ಮುಂದಿನ ತಿಂಗಳ ಮೀಟಿಂಗಿನ್ಯಾಗ ನಿಮ್ಮ ಕಾಯಂ ಆರ್ಡರ್ ಐತಿ. ಏಳು ವರ್ಷ ಹಂಗಾಮಿ ಅಂತ ದುಡದೀರಿ. ನಾಳಿ ಒಂದ ದಿನ ಸುಮ್ನ ಕುಂತಬಿಡ್ರಿ."

ಅಂಜಬೇಡ ಎಂದು ಯಾರಾದರೂ ಹೇಳುವವರೆಗೆ ಪ್ರಮಿಳಾಳಿಗೆ ಅಷ್ಟಾಗಿ ಅಂಜಿಕೆಯಾಗಿರಲಿಲ್ಲ.

ಸಂಜೆ ಬೆಳಗಾವಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬ್ಯಾಗಿನ ಮೇಲೆ ಹಾಳೆ ಇಟ್ಟುಕೊಂಡು ಅವಳು ಲೆಕ್ಕ ಬಿಡಿಸಿದಳು. ಎಡಗಡೆಯ ಮ್ಯಾಟ್ರಿಕ್ಸಿನಲ್ಲಿ ಮೇಲೆ ಒಂದು, ಎರಡು. ಕೆಳಗೆ ಮೂರು, ನಾಲ್ಕು. ಬಲಗಡೆಯದರಲ್ಲಿ ಮೇಲೆ ಎರಡು, ಸೊನ್ನೆ. ಕೆಳಗೆ ಒಂದು, ಮೂರು. ಎಡಗಡೆಯದನ್ನು ಅಡ್ಡಸಾಲಾಗಿ ಓದಬೇಕು, ಬಲಗಡೆಯದನ್ನು ಕಂಬಸಾಲಾಗಿ. ಮೊದಲಿನದಕ್ಕೆ ಮೊದಲಿನದು, ಎರಡನೆಯದಕ್ಕೆ ಎರಡನೆಯದು ಗುಣಿಸಿ ಕೂಡಿಸಬೇಕು. ಒಂದು ಎರಡಲೆ ಎರಡು, ಎರಡು ಒಂದಲೆ ಎರಡು, ಕೂಡಿದರೆ ನಾಲ್ಕು. ಹೀಗೆ ಮಾಡಿದರೆ ಮೇಲೆ ನಾಲ್ಕು, ಆರು. ಕೆಳಗೆ ಹತ್ತು, ಹನ್ನೆರಡು. ಇದು ಸರಿ ಉತ್ತರ. ಹಾಗಿದ್ದರೆ ಆ ಎರಡು, ಹತ್ತು ಎಲ್ಲಿಂದ ಬಂದವು?

ಬಸ್ಸು ಪ್ರಭುನಗರ ದಾಟುವಾಗ ಅವಳು ಬೇಕಂತಲೇ ತಪ್ಪು ಮಾಡತೊಡಗಿದಳು. ಕೂಡಿಸುವಲ್ಲಿ ತಪ್ಪಿ ನೋಡಿದಳು, ಬರಲಿಲ್ಲ. ಅಂಕಿಗೆ ನೇರ ಅಂಕಿ ಗುಣಿಸಿ ನೋಡಿದಳು, ಬರಲಿಲ್ಲ. ಕೊನೆಗೆ ಎಡಗಡೆಯದನ್ನು ಮೇಲಿಂದ ಕೆಳಗೆ, ಬಲಗಡೆಯದನ್ನು ಅಡ್ಡವಾಗಿ ಓದಿದಳು. ಒಂದು ಎರಡಲೆ ಎರಡು, ಮೂರು ಸೊನ್ನೆಲೆ ಸೊನ್ನೆ. ಎರಡು. ಆಮೇಲೆ ಹತ್ತು. ಆಮೇಲೆ ನಾಲ್ಕು. ಕೊನೆಯ ಅಂಕಿಯನ್ನು ಅವಳು ಬರೆಯಲಿಲ್ಲ. ಪೆನ್ನು ಅಲ್ಲೇ ನಿಂತಿತು.

ನಕಲು ಮಾಡುವ ಮಕ್ಕಳು ಅಲ್ಲೊಂದು ಅಂಕಿ ಬಿಡುತ್ತಾರೆ, ಇಲ್ಲೊಂದು ಏಳನ್ನು ಒಂದು ಎಂದು ಓದುತ್ತಾರೆ. ಇವರು ಹಾಗೆ ತಪ್ಪಿರಲಿಲ್ಲ. ಮೂವತ್ತೆಂಟು ಮಂದಿ ಒಬ್ಬರ ಹಿಂದೆ ಒಬ್ಬರು, ಶಿಸ್ತಿನಿಂದ, ಒಂದೇ ದಾರಿಯಲ್ಲಿ ನಡೆದು ಒಂದೇ ಬಾವಿಗೆ ಬಿದ್ದಿದ್ದರು. ಆ ದಾರಿ ತೋರಿಸಿದವರು ಯಾರು?

ಮಚ್ಛೆಯಲ್ಲಿ ಕಾರ್ಖಾನೆಯ ಜನ ಹತ್ತಿಕೊಂಡರು. ಅವರ ನೂಕುನುಗ್ಗಲಿನ ನಡುವೆ ಅವಳಿಗೆ ಆ ಮೂವರು ಪ್ರಾಮಾಣಿಕರ ಹೆಸರು ಹಿಂದೆಯೂ ಒಮ್ಮೆ ಒಟ್ಟಿಗೆ ಕೇಳಿದ್ದು ನೆನಪಾಯಿತು. ಆಗಸ್ಟ್ ಮೊದಲ ವಾರ, ಮಳೆಯ ರಜೆ ಮುಗಿದ ದಿನ. "ಮ್ಯಾಡಮ್, ನಮ್ಮ ಮನ್ಯಾಗ ದೊಡ್ಡ ಫೋನ್ ಇಲ್ರಿ," ಎಂದಿದ್ದ ಬೀರೇಶ. "ನಮ್ಮೂರಾಗ ಟವರ್ ಬಂದ್ ಇತ್ರಿ," ಎಂದಿದ್ದಳು ಹೆಮ್ಮಡಗಾ ಕಡೆಯ ಹುಡುಗಿ. ಅವಳ ಗೆಳತಿಯ ಫೋನು ಬಕೆಟ್ಟಿನಲ್ಲಿ ಬಿದ್ದಿತ್ತು. ರಜೆಯಲ್ಲಿ ತಾನು ಕಳಿಸಿದ್ದ ಪಾಠದ ವಿಡಿಯೋ ನೋಡದ ಆ ಮೂವರನ್ನು ಪ್ರಮಿಳಾ ಬೈದು, ಪುಸ್ತಕ ನೋಡಿ ತಾವೇ ಕಲಿಯಿರಿ ಎಂದು ಕಳಿಸಿದ್ದಳು.

ಅವಳು ಪೀರನವಾಡಿಯಲ್ಲಿ ಇಳಿಯುವುದನ್ನೇ ಮರೆತಳು. ಕಂಡಕ್ಟರ್ ನೆನಪಿಸಿದ. "ಇಳೀರಿ ಅಕ್ಕಾರ, ದಿನಾ ಇಳಿಯೋ ಊರು ಮರತ್ರ ಹೆಂಗ?"

ಆ ವಿಡಿಯೋ ಜುಲೈಯಲ್ಲಿ ಆಗಿತ್ತು. ಮಳೆಗೆ ಒಂಬತ್ತು ದಿನ ಕಾಲೇಜು ಬಂದಾದಾಗ, ಅಡುಗೆಮನೆಯಲ್ಲಿ ರವೆಯ ಡಬ್ಬಿಗೆ ಫೋನ್ ಆನಿಸಿ, ತನ್ನ ಮುಖ ಕಾಣುವ ಕ್ಯಾಮರಾ ಹಚ್ಚಿ ತೆಗೆದದ್ದು. ಅಂಕಿ ಬರೆದರೆ ಚಿಕ್ಕ ಪರದೆಯಲ್ಲಿ ಕಾಣುವುದಿಲ್ಲವೆಂದು ಬರೀ ಕೈಯಿಂದಲೇ ತೋರಿಸಿದ್ದಳು. ಅದು ಅವಳದೇ ಕಲ್ಪನೆ, ಅದರ ಬಗ್ಗೆ ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು. ಎಡಗೈ ಅಡ್ಡಸಾಲಿನ ಮೇಲೆ ನಡೆಯುತ್ತದೆ, ಬಲಗೈ ಕಂಬಸಾಲಿನಿಂದ ಇಳಿಯುತ್ತದೆ. ಮಳೆ ನಿಂತ ಮೇಲೆ "ಬಂತೇನ್ರೋ?" ಎಂದು ಕೇಳಿದ್ದಳು. "ಬಂತ್ರೀ," ಎಂದು ಇಡೀ ತರಗತಿ ಕೂಗಿತ್ತು. ಹತ್ತು ಲೆಕ್ಕ ಕೊಟ್ಟು ನೋಡಿದ್ದಳು, ಹತ್ತೂ ಸರಿ. ಪಾಠ ಹಿಂದೆ ಬಿದ್ದಿತ್ತು. ಅವಳು ಮುಂದಿನ ಅಧ್ಯಾಯಕ್ಕೆ ಹೋಗಿದ್ದಳು.

ಮನೆಗೆ ಬಂದವಳು ಸೀರೆ ಬದಲಿಸದೆ ಅಡುಗೆಮನೆಯಲ್ಲೇ ನಿಂತು ಫೋನ್ ತೆಗೆದಳು. ಅತ್ತೆ ಮಾಯಕ್ಕ ನೆಲದ ಮೇಲೆ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದರು. ತನ್ನ ದನಿ ತಾನೇ ಕೇಳಲು ನಾಚಿಕೆಯಾಗಿ ಪ್ರಮಿಳಾ ಆ ವಿಡಿಯೋವನ್ನು ಕಳಿಸಿದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಕುಕ್ಕರ್ ಸೀಟಿ ಹೊಡೆಯಿತು. ಪರದೆಯ ಮೇಲೆ ಅವಳು ಎರಡೂ ಕೈ ಎತ್ತಿ, "ಈ ಕೈ ನಡೀತೈತಿ, ಈ ಕೈ ಇಳೀತೈತಿ," ಎಂದಳು.

"ಅವತ್ತು ಕ್ಯಾಲೆಂಡರ್ ಅಕ್ಷರ ಎಲ್ಲಾ ತಿರುವುಮುರುವು ಕಾಣತಿದ್ವಲ್ಲವಾ ಇದರಾಗ," ಎಂದರು ಮಾಯಕ್ಕ ಕತ್ತು ಚಾಚಿ. "ಉರ್ದು ಆಗೇತಿ ಅಂದು ನಕ್ಕಿದ್ದೆ. ಈಗ ನೋಡು, ನೆಟ್ಟಗ ಆಗ್ಯಾವ."

ಪ್ರಮಿಳಾ ನೋಡಿದಳು. ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ನೆಟ್ಟಗಿದ್ದವು. ತೆಗೆಯುವಾಗ ಪರದೆ ಕನ್ನಡಿಯಂತೆ ತೋರಿಸಿತ್ತು: ಅಕ್ಷರ ತಿರುವುಮುರುವು, ಕೈ ಮಾತ್ರ ಸರಿಯಾದ ಕಡೆ. ಉಳಿಸಿಕೊಳ್ಳುವಾಗ ಫೋನು ತನ್ನಷ್ಟಕ್ಕೆ ತಾನೇ ಎಲ್ಲ ತಿರುಗಿಸಿಟ್ಟಿತ್ತು. ಈಗ ಅಕ್ಷರ ಸರಿ. ನಡೆಯುವ ಎಡಗೈ ಪರದೆಯ ಬಲಕ್ಕೆ ಹೋಗಿತ್ತು. ನೋಡುತ್ತಿದ್ದಂತೆ ಅವಳ ಬಲಗೈ ಅವಳನ್ನು ಕೇಳದೆ ಮೇಲೆದ್ದು, ಗಾಳಿಯಲ್ಲಿ ಅಡ್ಡಕ್ಕೆ ನಡೆಯಿತು. ಎಡಗೈ ಇಳಿಯಿತು.

"ಏನವಾ, ಮೈಮ್ಯಾಲ ಬಂದೋರಂಗ ಮಾಡಾಕತ್ತಿ?" ಎಂದರು ಮಾಯಕ್ಕ.

ಆ ಹತ್ತು ಲೆಕ್ಕ? ಹಳೆಯ ನೋಟ್‌ಬುಕ್ ಹುಡುಕಿ ತೆಗೆದಳು. ತಿದ್ದಲು ಸುಲಭವಾಗಲೆಂದು ತಾನೇ ಮಾಡಿದ ಲೆಕ್ಕಗಳು: ಮೇಲೆ ಎರಡು, ಒಂದು, ಕೆಳಗೆ ಒಂದು, ಮೂರು. ಅಡ್ಡ ಓದಿದರೂ ಎರಡು, ಒಂದು. ಉದ್ದ ಓದಿದರೂ ಎರಡು, ಒಂದು. ಹತ್ತೂ ಹಾಗೆಯೇ. ಅಂಥ ಲೆಕ್ಕದಲ್ಲಿ ಯಾವ ಕೈ ನಡೆದರೂ, ಯಾವ ಕೈ ಇಳಿದರೂ ಉತ್ತರ ಒಂದೇ.

ತರಗತಿಯ ಗ್ರೂಪಿನಲ್ಲಿದ್ದ ವಿಡಿಯೋದ ಮೇಲೆ ಬೆರಳು ಒತ್ತಿ ಹಿಡಿದಳು. ಎಲ್ಲರಿಂದಲೂ ಅಳಿಸುವ ಅವಕಾಶ ಮುಗಿದು ತಿಂಗಳುಗಳಾಗಿದ್ದವು. ತನ್ನ ಫೋನಿನಿಂದ ಮಾತ್ರ ಅಳಿಸಲೇ ಎಂದು ಅದು ವಿನಯದಿಂದ ಕೇಳಿತು. ಅಳಿಸಿದರೂ ಮೂವತ್ತೆಂಟು ಮನೆಗಳಲ್ಲಿ ಅವಳು ಕೈ ಎತ್ತಿಕೊಂಡು ನಿಂತೇ ಇರುತ್ತಾಳೆ. ಬೆರಳು ತೆಗೆದಳು.

ಗಂಡ ಲಕ್ಷ್ಮಣ ಮಚ್ಛೆಯ ಒಂದು ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಅವನು ಊಟಕ್ಕೆ ಕುಳಿತಾಗ ಅವಳು ಯಾರದೋ ಮಾತೆಂಬಂತೆ ಕೇಳಿದಳು. "ಏನ್ರೀ, ನಿಮ್ಮಲ್ಲಿ ಮೂವತ್ತೆಂಟು ಪೀಸ್ ಒಂದ ನಮೂನಿ ತಪ್ಪಾಗಿ ಬಂದ್ರ?"

"ಒಂದ್ ಪೀಸ್ ತಪ್ಪಿದ್ರ ಹುಡುಕಬೇಕು. ಮೂವತ್ತೆಂಟೂ ಒಂದ ನಮೂನಿ ತಪ್ಪಿದ್ರ ಹುಡುಕೂದೇನೈತಿ? ಸೆಟ್ಟಿಂಗ್ ತಪ್ಪು." ಅವನು ರೊಟ್ಟಿ ಮುರಿದ. "ಪೀಸಿಗೇನ್ ಗೊತ್ತಾಗ್ತೈತಿ ಪಾಪ? ಯಾಕ?"

"ಸುಮ್ನ ಕೇಳಿದೆ."

"ಸುಮ್ನ ಕೇಳಾಕ ಮೂವತ್ತೆಂಟಽ ಯಾಕ ಬೇಕಾತು?" ಎಂದು ಅವನು ನಕ್ಕ. ಅವಳು ಪಲ್ಯ ಬಡಿಸಿದಳು.

ಮರುದಿನ ಬಾಳಾಸಾಹೇಬ ಸರ್ ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಬಂದರು. ಇತಿಹಾಸದ ಮಾಸ್ತರಿಕೆಯಿಂದ ನಿವೃತ್ತರಾಗಿ, ಈಗ ಸಂಸ್ಥೆಯ ಪರೀಕ್ಷೆಗಳನ್ನು ನೋಡಿಕೊಳ್ಳುವ ಮನುಷ್ಯ. ಸಕ್ಕರೆಯಿಲ್ಲದ ಚಹಾ ಕುಡಿದು, ಚೀಲದಿಂದ ತಪ್ಪೊಪ್ಪಿಗೆ ಪತ್ರಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. 'ನಾನು ನಕಲು ಮಾಡಿದ್ದು ನಿಜ, ಇನ್ನು ಮುಂದೆ ಮಾಡುವುದಿಲ್ಲ' ಎಂಬ ಒಂದೇ ವಾಕ್ಯ, ಮೂವತ್ತೆಂಟು ಪ್ರತಿ, ಜೆರಾಕ್ಸ್. ಮಕ್ಕಳು ಒಂದೇ ಥರ ಬರೆದದ್ದರ ತಪ್ಪಿಗೆ ಎಲ್ಲರೂ ಒಂದೇ ಥರ ಬರೆದುಕೊಡಬೇಕಾಗಿತ್ತು.

"ಅಕೀನ್ನ ಮೊದಲ ಕರೀರಿ," ಎಂದರು. "ನೀರಿನ ಮೂಲ ಸಿಕ್ಕಿತಂದ್ರ ಕಾಲವಿ ತಾನಽ ಸಿಗತೈತಿ."

ಸಪ್ನಾ ಬಂದು ಗೋಡೆಗೆ ಒತ್ತಿ ನಿಂತಳು. ಅವಳ ಅಪ್ಪ ಸರಕು ಆಟೋ ಓಡಿಸುವವನು, ಕಾಲೇಜಿನ ಗೇಟಿನ ಹೊರಗೆ ಆಟೋದಲ್ಲೇ ಕುಳಿತಿದ್ದ; ಕಿಟಕಿಯಿಂದ ಅವನ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು. ಪ್ರಮಿಳಾ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದಳು. ಸುಮ್ಮನಿದ್ದರಾಯಿತು. ಮುಂದಿನ ವಾರ ಏನೋ ನೆಪ ಹೇಳಿ ಆ ಅಧ್ಯಾಯ ಮತ್ತೆ ಮಾಡಬಹುದು. ಇಂಟರ್ನಲ್ ಮಾರ್ಕ್ಸ್ ಆಮೇಲೆ ಹೇಗೋ ಕೂಡಿಸಬಹುದು. ಟಿಸಿ ಕೊಟ್ಟರೂ ಹುಶಾರ್ ಹುಡುಗಿ, ಎಲ್ಲಾದರೂ ಸೇರಿಕೊಳ್ಳುತ್ತಾಳೆ. ಇಷ್ಟನ್ನೂ ಅವಳು ರಾತ್ರಿಯೇ ನೂರು ಸಲ ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು.

"ಯಾರ್ ಯಾರಿಗೆ ತೋರಿಸಿದಿ, ತಂಗಿ?"

"ಯಾರಿಗೂ ತೋರಿಸಿಲ್ರಿ ಸರ್. ಖರೇನ ಹೇಳ್ತೀನ್ರಿ."

"ಹಂಗಾದ್ರ ಈಗ ನನ್ನ ಮುಂದ ಬಿಡಿಸು."

ಸಪ್ನಾ ಹಾಳೆಯ ಮುಂದೆ ಬಾಗಿದಳು. ಬಾಳಾಸಾಹೇಬರು ಹಾಳೆ ನೋಡುತ್ತಿದ್ದರು, ಚನ್ನಬಸಯ್ಯನವರು ಬಾಳಾಸಾಹೇಬರನ್ನು ನೋಡುತ್ತಿದ್ದರು, ಸೋಮಲಿಂಗ ಸರ್ ಕಣ್ಣನ್ನು ಬಹಳ ದೊಡ್ಡದಾಗಿ ತೆರೆದುಕೊಂಡಿದ್ದರು. ಮೇಜಿನ ಅಂಚಿನ ಕೆಳಗೆ ಹುಡುಗಿಯ ಕೈಗಳನ್ನು ನೋಡಿದವಳು ಪ್ರಮಿಳಾ ಒಬ್ಬಳೇ. ಬಲಗೈ ಅಡ್ಡಕ್ಕೆ ನಡೆಯಿತು. ಎಡಗೈ ಇಳಿಯಿತು. ಬಳಿಕ ಅವಳು ಪೆನ್ನು ಹಿಡಿದು ನೀಟಾಗಿ ಬರೆದಳು: ಎರಡು.

"ನೋಡ್ರಿ, ಅದಽ ಬಂತು! ಬಾಯಿಪಾಠ ಮಾಡ್ಯಾಳ." ಬಾಳಾಸಾಹೇಬರಿಗೆ ಸಂತೋಷವೇ ಆಯಿತು. ಒಂದು ಜೆರಾಕ್ಸ್ ಪ್ರತಿ ಎಳೆದು, ಮುದ್ರಿಸಿದ ವಾಕ್ಯದ ಕೆಳಗಿನ ಖಾಲಿ ಜಾಗ ತೋರಿಸಿದರು. "ಇಲ್ಲಿ ಬರಿ. 'ಎಲ್ಲರಿಗೂ ನಾನೇ ತೋರಿಸಿದೆ.' ಬರದು ಸಹಿ ಮಾಡು. ಅಪ್ಪ ಹೊರಗ ಕಾಯಾಕತ್ತಾನ, ಮನಿಗಿ ಹೋಗು."

ಸಪ್ನಾ ಪೆನ್ನು ತೆಗೆದುಕೊಂಡಳು. ಕಣ್ಣು ತುಂಬಿದ್ದವು, ಆದರೆ ಇನ್ನೂ ಚೆಲ್ಲಿರಲಿಲ್ಲ. ಆಮೇಲೆ, ಎರಡು ವರ್ಷದಿಂದ ಪ್ರತಿ ಗೆರೆಗೂ ಮುಂಚೆ ಮಾಡುತ್ತ ಬಂದದ್ದನ್ನೇ ಮಾಡಿದಳು. ಮೂಲೆಯ ಕುರ್ಚಿಯ ಕಡೆ ತಿರುಗಿ ಕೇಳಿದಳು.

"ಮ್ಯಾಡಮ್, ಬರೀಲ್ರಿ?"

ಚನ್ನಬಸಯ್ಯನವರು ಪ್ರಮಿಳಾಳತ್ತ ನೋಡಿ, ಕಾಣದಷ್ಟು ಸಣ್ಣಗೆ ತಲೆಯಾಡಿಸಿದರು: ಬಾಯಿ ಬಿಡುವುದು ಬೇಡ.

"ಬರೀಬ್ಯಾಡ," ಎಂದಳು ಪ್ರಮಿಳಾ. ಇನ್ನೊಮ್ಮೆ ಅಂದಳು. "ಬರೀಬ್ಯಾಡ ಸಪ್ನಾ. ಪೆನ್ನು ಕೆಳಗಿಡು."

ಎದ್ದು ಬಂದು ಫೋನನ್ನು ಉತ್ತರಪತ್ರಿಕೆಗಳ ಮೇಲೆ, ಬಾಳಾಸಾಹೇಬರ ಮುಂದೆ ನಿಲ್ಲಿಸಿದಳು. ಫೋನ್ ಎರಡು ಸಲ ಜಾರಿ ಬಿತ್ತು. ಕೊನೆಗೆ ಚಹಾದ ಕಪ್ಪಿಗೆ ಆನಿಸಿದಳು. "ಸರ್, ಇದನ್ನ ನೋಡಕೋತ ನೀವೂ ಕೈ ಮಾಡ್ರಿ."

"ನಾ ಯಾಕ್ ಮಾಡ್ಲಿ?"

ಪ್ರಿನ್ಸಿಪಾಲರ ಕೋಣೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. "ಈ ಕೈ ನಡೀತೈತಿ, ಈ ಕೈ ಇಳೀತೈತಿ," ಎಂದಿತು ಅವಳದೇ ದನಿ, ಉತ್ಸಾಹದಿಂದ. ಆಮೇಲೆ ನಲವತ್ತು ವರ್ಷ ಶಾಲೆಯಲ್ಲೇ ಕಳೆದ ಬಾಳಾಸಾಹೇಬರ ಬಲಗೈ ತಾನಾಗಿ ಮೇಜು ಬಿಟ್ಟು ಎದ್ದು ಅಡ್ಡಕ್ಕೆ ನಡೆಯಿತು. ಸೋಮಲಿಂಗ ಸರ್ ಅವರದೂ ನಡೆಯಿತು. ಬೇಡವೆಂದಿದ್ದ ಚನ್ನಬಸಯ್ಯನವರ ಕೈಯೂ ಒಂದು ಗೇಣು ಎದ್ದು, ನಡುವೆಯೇ ನಿಂತಿತು.

"ಈಗ ಅದಽ ಕೈಲೆ ಆ ಲೆಕ್ಕ ಬಿಡಸ್ರಿ. ಎಡಗೈ ಎಡಗಡೆಯದರ ಮ್ಯಾಲ, ಬಲಗೈ ಬಲಗಡೆಯದರ ಮ್ಯಾಲ."

"ಒಂದು ಎರಡ್ಲೆ ಎರಡು," ಎಂದರು ಬಾಳಾಸಾಹೇಬರು ಬೆರಳು ಇಳಿಸುತ್ತ. "ಮೂರು ಸೊನ್ನಿಲೆ ಸೊನ್ನಿ." ನಿಂತರು. ಮುಂದಿನದನ್ನು ಬಾಯಿ ಬಿಡದೆ ಮಾಡಿದರು. ಹತ್ತು ಬಂದಾಗ ತಮ್ಮ ಎರಡು ಕೈಗಳನ್ನೂ, ಯಾರೋ ಇಟ್ಟು ಮರೆತು ಹೋದ ವಸ್ತುಗಳೆಂಬಂತೆ ನೋಡಿ, ಮೇಜಿನ ಕೆಳಗೆ ಸರಿಸಿಕೊಂಡರು.

"ಇದು ಯಾರ್ ಯಾರಿಗೆ ಹೋಗೈತಿ?"

"ಮೂವತ್ತೆಂಟು ಮಂದಿಗೆ ರೀ. ಉಳಿದ ಮೂವರು ಪುಸ್ತಕ ನೋಡಿ ಕಲತಾರ."

"ಅರೆ ಮೇಡಮ್," ಎಂದರು ಬಾಳಾಸಾಹೇಬರು ಕೊನೆಗೆ, ಸ್ವಲ್ಪ ದುಃಖದಿಂದಲೇ. "ನನಗ ನಕಲಿನ ವರದಿ ತಗೊಂಡ್ ಬಾ ಅಂತ ಕಳಿಸ್ಯಾರ. ಇದಕ್ಕ ನನ್ನ ಹತ್ರ ಫಾರಂ ಇಲ್ಲ." ತಪ್ಪೊಪ್ಪಿಗೆಯ ಒಂದು ಪ್ರತಿಯನ್ನು ತಿರುವಿ ಹಾಕಿ, ಅದರ ಖಾಲಿ ಬೆನ್ನಿನ ಮೇಲೆ ತಾರೀಖು ಬರೆದರು. "ವರದಿಯೊಳಗ ಒಂದು ಹೆಸರಂತೂ ಬೇಕಽ ಬೇಕು. ಪೂರ್ತಿ ಹೇಳ್ರಿ."

"ಪ್ರಮಿಳಾ ಲಕ್ಷ್ಮಣ ಪೂಜೇರಿ."

"ಹುದ್ದೆ?"

ಅವಳು ಚನ್ನಬಸಯ್ಯನವರ ಕಡೆ ನೋಡಿದಳು. ಅವರು ಕಿಟಕಿಯ ಕಟ್ಟೆಯ ಮೇಲಿನ ಪತ್ರಿಕೆಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದರು.

"ಹಂಗಾಮಿ ರೀ," ಎಂದಳು.

ಅವರು ಅದನ್ನೂ ಬರೆದುಕೊಂಡರು. ಹನ್ನೆರಡರ ಗಂಟೆ ಬಾರಿಸಿತು. "ನಿಮ್ಮ ತಾಸು ಐತಲ್ರಿ," ಎಂದರು ಚನ್ನಬಸಯ್ಯನವರು, ಅವಳತ್ತ ತಿರುಗದೆ. "ಇವತ್ತಿನದಂತೂ ತಗೋರಿ."

ತರಗತಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ನಲವತ್ತೊಂದು ಮಂದಿ ಒಟ್ಟಿಗೆ ಎದ್ದು ನಿಂತರು. ಅವಳು ಬೋರ್ಡಿನ ಮೇಲೆ ಎರಡು ಮ್ಯಾಟ್ರಿಕ್ಸ್ ಬರೆದಳು. ಬರೆದಾದ ಮೇಲೆ ಅಭ್ಯಾಸದಂತೆ ಮಕ್ಕಳ ಕಡೆ ತಿರುಗಿದಳು. ತರಗತಿಗೆ ಬೆನ್ನು ಹಾಕಬಾರದು ಎಂಬುದು ಬಿ.ಎಡ್. ಕಾಲೇಜಿನಲ್ಲಿ ಅವಳು ಕಲಿತ ಮೊದಲ ಪಾಠ. ಅವಳ ಅಪ್ಪ ಭರಮಣ್ಣ ಅದನ್ನು ಕೇಳಿ ನಕ್ಕಿದ್ದ. ಅವನು ಆಯುಷ್ಯವೆಲ್ಲ ಕುರಿ ಕಾದವನು. "ಎದುರ ನಿಂತ್ರ ಅವು ಹಿಂದಕ್ಕ ಹೊಳ್ಳಿ ಬಿಡತಾವ ಮಗಳ. ಕುರಿ ಮುಂದ ಹೋಗಾವ ಬೆನ್ನ ಹಾಕೇ ಹೋಗಬೇಕು," ಎಂದಿದ್ದ. ಮಕ್ಕಳು ಕುರಿಗಳಲ್ಲ ಎಂದು ಅವಳು ಸಿಟ್ಟು ಮಾಡಿಕೊಂಡಿದ್ದಳು.

"ಎಲ್ಲಾರೂ ನಿಂತಽ ಇರ್ರಿ," ಎಂದಳು. "ನನ್ನ ಮುಖ ನೋಡಬ್ಯಾಡ್ರಿ."

ಎರಡನೇ ಬೆಂಚಿನಿಂದ ಸಪ್ನಾ ಕೇಳಿದಳು. "ಮ್ಯಾಡಮ್, ಕೈ ಎತ್ತಲ್ರಿ?"

ಪ್ರಮಿಳಾ ಬೋರ್ಡಿನತ್ತ ತಿರುಗಿ ನಿಂತಳು. ಮೂಗಿಗೆ ಸುಣ್ಣದ ಪುಡಿಯ ವಾಸನೆ ಹೊಡೆಯುವಷ್ಟು ಹತ್ತಿರ ಬೋರ್ಡು. ಬೆನ್ನಿನ ಮೇಲೆ ಎಂಬತ್ತೆರಡು ಕಣ್ಣು. ಅವಳು ಎರಡೂ ಕೈ ಎತ್ತಿದಳು. ಈಗ ಅವಳ ಎಡ ಮಕ್ಕಳದೂ ಎಡ. ಹಿಂದೆ ಬೆಂಚುಗಳು ಕಿರುಗುಟ್ಟಿದವು, ಬಟ್ಟೆ ಸರಬರ ಅಂದಿತು, ಎಲ್ಲೋ ಎರಡು ಬಳೆ ತಾಗಿದವು. ಕೈಗಳು ಏಳುತ್ತಿದ್ದವು. ಯಾವ ಕೈ ಎಂದು ಅವಳಿಗೆ ಕಾಣುತ್ತಿರಲಿಲ್ಲ.